ಸಿಕ್ಸ್‌ಲೈನ್, ಫೇರಿ, ಮೆಲನ್ಯೂರಸ್: ಮೂರು ರಾಸ್ ಮೀನು, ಒಂದು ತರಕಾರಿ ಬುಟ್ಟಿ

ಸಿಕ್ಸ್‌ಲೈನ್ ತಂದ ವಾರದಲ್ಲೇ ಅಮ್ಮ ಅದಕ್ಕೆ ‘ಪೊಲೀಸಪ್ಪ’ ಅಂತ ಹೆಸರಿಟ್ಟರು. ಕಲ್ಲಿನ ಸಂದಿಯಿಂದ ಸಂದಿಗೆ ಇಣುಕುತ್ತಾ ಬೀಟ್ ತಿರುಗುವುದೇ ಅದರ ಕೆಲಸ. ನೇರಳೆ ಮೈ, ಉದ್ದಕ್ಕೂ ಆರು ಕಿತ್ತಳೆ ಗೆರೆ, ಹಸಿರು ಬಾಲ, ಬೆರಳುದ್ದ. ಅಂಗಡಿಯಲ್ಲಿ ನೋಡಿದರೆ ಯಾರಿಗಾದರೂ ಮನಸ್ಸಾಗುತ್ತದೆ. ನನಗೂ ಆಯಿತು. ಟ್ಯಾಂಕಿಗೆ ತಂದ ಮೊದಲ ರಾಸ್ (wrasse ಅನ್ನುವ ಸಮುದ್ರಮೀನಿನ ಕುಟುಂಬ) ಅದೇ. ಮೊದಲ ತಪ್ಪೂ ಅದೇ.

ನನ್ನದು ಬೆಂಗಳೂರಿನ ಮನೆಯ ಹಾಲ್‌ನಲ್ಲಿರುವ 4 ಅಡಿ ಟ್ಯಾಂಕ್. ಸುಮಾರು 370 ಲೀಟರ್ ಉಪ್ಪುನೀರು, ಉಪ್ಪಿನಂಶ 1.025 (ಸಿಹಿನೀರನ್ನು 1 ಅಂತ ಹಿಡಿದ ಸಾಂದ್ರತೆಯ ಲೆಕ್ಕ), ಶಾಖ 25-26 ಡಿಗ್ರಿ. ಏಪ್ರಿಲ್‌ನಲ್ಲಿ ಅಷ್ಟು ಹಿಡಿದಿಡಲು ನೀರು ತಣಿಸುವ ಚಿಲ್ಲರ್ ಓಡಲೇಬೇಕು. ಹವಳದಲ್ಲಿ ಮೆತ್ತನೆ ಜಾತಿಯ ಲೆದರ್, ಮಶ್ರೂಮ್, ಜೊವಾಂಥಿಡ್ ಅಷ್ಟೇ. ಗಟ್ಟಿ ಹವಳ ನಮ್ಮಲ್ಲಿ ವನ್ಯಜೀವಿ ಕಾಯ್ದೆಯಡಿ ಬರುತ್ತದೆ, ಆ ತಂಟೆಗೆ ನಾನು ಹೋಗಿಲ್ಲ. ಈ ಒಂದೇ ಟ್ಯಾಂಕಿನಲ್ಲಿ ನಾಲ್ಕು ವರ್ಷದಲ್ಲಿ ಸಿಕ್ಸ್‌ಲೈನ್, ಬ್ಲೂಸೈಡ್ ಫೇರಿ, ಮೆಲನ್ಯೂರಸ್ ಮೂರನ್ನೂ ಸಾಕಿ ನೋಡಿದೆ. ಒಳಗೆ ಬಿಡುವ ರೀತಿಯನ್ನೂ ಎರಡು ಥರ ಮಾಡಿ ನೋಡಿದೆ. ಕೊನೆಗೆ ಜಾತಿಗಿಂತ ಜಾಸ್ತಿ ಲೆಕ್ಕಕ್ಕೆ ಬಂದದ್ದು ಯಾವುದು ಮೊದಲು ಇಳಿಯಿತು, ಹೇಗೆ ಇಳಿಯಿತು ಅನ್ನುವುದು.

ಮೊದಲ ಪ್ರಯತ್ನದ ಕಥೆ ಕೇಳಿ. ಸಿಕ್ಸ್‌ಲೈನ್ ಬಂದು ನಾಲ್ಕು ತಿಂಗಳಾಗಿತ್ತು. ಟ್ಯಾಂಕಿನ ಒಂದೊಂದು ಸಂದಿಯೂ ಅದಕ್ಕೆ ಬಾಯಿಪಾಠ. ಆಗ ಬ್ಲೂಸೈಡ್ ಫೇರಿ ತಂದೆ. ಲೈಟ್ ಆರಿಸಿ, ಕತ್ತಲಲ್ಲಿ ನೇರವಾಗಿ ಬಿಟ್ಟೆ. ಕತ್ತಲಲ್ಲಿ ಬಿಟ್ಟರೆ ಜಗಳ ಇರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇರಲಿಲ್ಲ, ನಿಜ. ಬೆಳಗಿನ ತನಕ ಮಾತ್ರ.

ಬೆಳಿಗ್ಗೆ ಲೈಟ್ ಹತ್ತಿದ್ದೇ ತಡ, ಪೊಲೀಸಪ್ಪ ಶುರು ಮಾಡಿತು. ಕಚ್ಚಿ ಬಿಡುವುದಲ್ಲ, ಒಂದೇ ಸಮನೆ ಅಟ್ಟಿಸಿಕೊಂಡು ಹೋಗುವುದು. ಫೇರಿ ಅದಕ್ಕಿಂತ ದೊಡ್ಡದು, ಆದರೆ ಪಾಪದ ಪ್ರಾಣಿ. ಮೂರನೇ ದಿನ ಅದರ ಬಾಲ ಹರಿದಿತ್ತು, ಪಂಪಿನ ಹಿಂದೆ ಸೇರಿಕೊಂಡಿತ್ತು. ಊಟಕ್ಕೂ ಹೊರಗೆ ಬರಲಿಲ್ಲ. ಗಾಜಿನ ಹೊರಗೆ ಕನ್ನಡಿ ಇಟ್ಟೆ. ಸಿಕ್ಸ್‌ಲೈನ್ ತನ್ನ ನೆರಳನ್ನೇ ಇನ್ನೊಂದು ಮೀನು ಅಂದುಕೊಂಡು ಅರ್ಧ ದಿನ ಅದರ ಜೊತೆ ಗುದ್ದಾಡಿತು. ಆಮೇಲೆ ಬೇಜಾರಾಯಿತೋ ಏನೋ, ಮತ್ತೆ ಹಳೇ ಕೆಲಸ.

ಒಂಬತ್ತನೇ ದಿನ ಬೆಳಿಗ್ಗೆ ಅಮ್ಮ ಕಸ ಗುಡಿಸುತ್ತಾ ಕರೆದರು: “ಇಲ್ಲಿ ಏನೋ ಬಿದ್ದಿದೆ ನೋಡೋ.” ಸ್ಟ್ಯಾಂಡಿನ ಹಿಂದೆ ಫೇರಿ ಸೆಟೆದುಕೊಂಡು ಬಿದ್ದಿತ್ತು, ಒಣಮೆಣಸಿನಕಾಯಿ ಹಾಗೆ. ಟ್ಯಾಂಕಿನ ಮೇಲೆ ಬಲೆ ಇತ್ತು. ಪೈಪ್ ಒಳಗೆ ಹೋಗುವ ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದಿ ಬಿಟ್ಟಿದ್ದೆ. ಅಷ್ಟು ಸಾಕಾಯಿತು. ರಾಸ್‌ಗಳು ಹಾರುತ್ತವೆ, ಅದರಲ್ಲೂ ಫೇರಿ ಹೆದರಿದರೆ ಮೊದಲು ಹಾರುವುದೇ ಮೇಲಕ್ಕೆ. ಈಗ 6 ಮಿಲಿಮೀಟರ್ ಕಣ್ಣಿನ ಬಲೆ ಹಾಕಿದ್ದೇನೆ, ಪೈಪಿನ ಸುತ್ತಲೂ ಕತ್ತರಿಸಿ ಕೂರಿಸಿದ್ದೇನೆ.

ಸಿಕ್ಸ್‌ಲೈನ್ ಹಿಡಿಯುವುದು ಇನ್ನೊಂದು ಸರ್ಕಸ್. ಕೈಬಲೆ ಕಂಡರೆ ಕಲ್ಲೊಳಗೆ ಮಾಯ. ಕೊನೆಗೆ ಸೋಡಾ ಬಾಟಲಿಯ ಬಾಯಿ ಕತ್ತರಿಸಿ, ತಿರುಗಿಸಿ ಸಿಕ್ಕಿಸಿ, ಒಳಗೆ ಸೀಗಡಿ ಚೂರು ಹಾಕಿ ಇಟ್ಟೆ. ಮೂರು ದಿನ ಕ್ಲೌನ್ ಮೀನುಗಳೇ ಸಿಕ್ಕಿದವು. ನಾಲ್ಕನೇ ದಿನ ಪೊಲೀಸಪ್ಪ ಅರೆಸ್ಟ್ ಆಯಿತು. ಅದನ್ನು ಸಂಪ್‌ಗೆ ಹಾಕಿದೆ. ಮನೆ ಮುಂದಿನ ಕಾವೇರಿ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಕೆಳಗಿರುವ ಫಿಲ್ಟರ್ ಸಂಪ್!

ಆಮೇಲೆ ತಂದದ್ದು ಮೆಲನ್ಯೂರಸ್. ಈ ಸಲ ರೀತಿ ಬದಲಾಯಿಸಿದೆ. ಮೊದಲು ಬೇರೆ ಟ್ಯಾಂಕಿನಲ್ಲಿ ಮೂರು ವಾರ ಕ್ವಾರಂಟೈನ್. ಈ ಜಾತಿ ರಾತ್ರಿ ಮಲಗುವುದು ಮರಳಿನೊಳಗೆ, ಹೆದರಿದರೂ ಮರಳಿಗೇ ಧುಮುಕುತ್ತದೆ. ಬರೀ ಗಾಜಿನ ತಳದ ಮೇಲೆ ಬಿಟ್ಟರೆ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತದೆ. ಅದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನುಣ್ಣನೆ ಸಿಲಿಕಾ ಮರಳು ತುಂಬಿ ಇಟ್ಟೆ. ನಾನು ಹಾಕಿದ್ದು ಹುಳುವಿಗೆ ಪ್ರಾಜಿಕ್ವಾಂಟೆಲ್ ಮಾತ್ರ. ತಾಮ್ರದ ಔಷಧಿ ಹಾಕುವವರಾದರೆ ಹವಳದ ಮರಳು ಇಡಬೇಡಿ, ಅದು ತಾಮ್ರವನ್ನು ಹೀರಿಬಿಡುತ್ತದೆ.

ಡಬ್ಬಿ ಕಂಡ ಹತ್ತು ಸೆಕೆಂಡಿನಲ್ಲಿ ಮೀನು ಮಾಯ. ಮೂರು ದಿನ ಪತ್ತೆಯಿಲ್ಲ. ಸತ್ತಿರಬೇಕು ಅಂತ ಕೈ ಹಾಕಿ ಕೆದಕಲು ಹೋಗಿದ್ದೆ, ಸದ್ಯ ತಡೆದುಕೊಂಡೆ. ದೂರದಿಂದ ಬಂದ ಮೀನಿಗೆ ಹಗಲು ರಾತ್ರಿ ಏರುಪೇರಾಗಿರುತ್ತದೆ. ನಮ್ಮ ರಾತ್ರಿಯಲ್ಲಿ ಎದ್ದು, ನಮ್ಮ ಹಗಲಿನಲ್ಲಿ ಮಲಗುತ್ತದೆ. ನಾಲ್ಕನೇ ದಿನ ಮಧ್ಯಾಹ್ನ ಮರಳಿನಿಂದ ಮೂತಿ ಮಾತ್ರ ಕಾಣಿಸಿತು. ಎರಡು ಕಣ್ಣು ಒಂದು ಆ ಕಡೆ, ಒಂದು ಈ ಕಡೆ ತಿರುಗಿಸಿ ನೋಡಿ, ಮತ್ತೆ ಒಳಗೆ. ಐದನೇ ದಿನ ಮೈಸಿಸ್ (ಪುಟ್ಟ ಸೀಗಡಿಯಂಥ ಜೀವಿ) ತಿಂದಿತು.

ದೊಡ್ಡ ಟ್ಯಾಂಕಿಗೆ ಬಿಡುವಾಗ ತರಕಾರಿ ತೊಳೆಯುವ ಬುಟ್ಟಿ ಕೆಲಸಕ್ಕೆ ಬಂತು. ಒಂದು ಬುಟ್ಟಿಯ ಮೇಲೆ ಇನ್ನೊಂದು ಕವುಚಿ ಜಿಪ್ ಟೈ ಬಿಗಿದು, ಟ್ಯಾಂಕಿನ ಒಳಗೆ ನೇತುಹಾಕಿದೆ. ಒಳಗೆ ಅದೇ ಮರಳಿನ ಡಬ್ಬಿ, ಒಂದು ಪಿವಿಸಿ ಪೈಪ್ ತುಂಡು. ಐದು ದಿನ ಮೀನು ಅಲ್ಲೇ. ಉಳಿದವು ಬಂದು ನೋಡಿದವು, ಜಾಲರಿಗೆ ಮೂತಿ ತಾಗಿಸಿದವು, ಎರಡು ದಿನಕ್ಕೆ ಸಾಕಾಯಿತು. ಬುಟ್ಟಿಯ ಒಳಗೇ ಊಟ ಹಾಕಿದ್ದರಿಂದ ಹೊಸ ಮೀನಿಗೂ ಹಸಿವಿರಲಿಲ್ಲ. ಆರನೇ ದಿನ ಮುಚ್ಚಳ ತೆಗೆದೆ. ಒಂದು ರೆಕ್ಕೆಯೂ ಹರಿಯಲಿಲ್ಲ. ಎರಡನೇ ಫೇರಿಯನ್ನೂ ಆಮೇಲೆ ಹೀಗೇ ಬಿಟ್ಟೆ, ಅದೂ ಸಲೀಸು.

ಹೊಸ ಮೀನು ಹೊಂದಿಕೊಳ್ಳಲಿ ಅಂತ ಅದು ಬಂದ ನೀರಿಗೆ ಟ್ಯಾಂಕಿನ ನೀರನ್ನು ಹನಿ ಹನಿ ಬಿಡುವ ಡ್ರಿಪ್ ಬಗ್ಗೆ ಒಂದು ಮಾತು. ಮೊದಲು ನಾನು ಎರಡು ಗಂಟೆ ಡ್ರಿಪ್ ಮಾಡುತ್ತಿದ್ದೆ, ಜಾಸ್ತಿ ಹೊತ್ತು ಮಾಡಿದಷ್ಟೂ ಒಳ್ಳೆಯದು ಅಂತ. ದೂರದಿಂದ ಬಂದ ಕವರಿನ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ಆ ನೀರಿನಲ್ಲಿ ಮೀನನ್ನು ಎರಡು ಗಂಟೆ ಇಡುವುದು ಯಾವ ಉಪಕಾರ? ಈಗ ಕವರನ್ನು 20 ನಿಮಿಷ ತೇಲಿಸಿ ಶಾಖ ಹೊಂದಿಸುತ್ತೇನೆ. ಕ್ವಾರಂಟೈನ್ ನೀರಿನ ಉಪ್ಪಿನಂಶವನ್ನು ಮೊದಲೇ ಕವರಿನ ನೀರಿಗೆ ಸರಿಮಾಡಿ ಇಟ್ಟಿರುತ್ತೇನೆ, ಬಿಚ್ಚಿದ ಕೂಡಲೇ ಬಿಡುತ್ತೇನೆ. ಅಂಗಡಿಯವರು ಹೆಚ್ಚಾಗಿ 1.020ರ ಆಸುಪಾಸು ಇಡುತ್ತಾರೆ. ಕಡಿಮೆ ಉಪ್ಪಿನಿಂದ ಹೆಚ್ಚು ಉಪ್ಪಿಗೆ ದಿಢೀರ್ ಹೋಗುವುದು ಮೀನಿಗೆ ಕಷ್ಟ, ಅದನ್ನು ಕೆಲವು ದಿನಗಳಲ್ಲಿ ನಿಧಾನ ಏರಿಸಬೇಕು.

ಊಟದಲ್ಲಿ ಮೂರೂ ಬೇರೆ ಬೇರೆ. ಫೇರಿ ನಡುನೀರಿನಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ತಿನ್ನುವ ಮೀನು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕದಿದ್ದರೆ ಸೊರಗುತ್ತದೆ. ಆಫೀಸಿಗೆ ಹೋಗುವವರಿಗೆ ಇದು ತಲೆನೋವು, ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾಳಿ ಅಮ್ಮನದು. ಸಿಕ್ಸ್‌ಲೈನ್ ಕಲ್ಲಿನಿಂದ ತಾನೇ ಹೆಕ್ಕಿಕೊಳ್ಳುತ್ತದೆ. ಮೆಲನ್ಯೂರಸ್ ಇದ್ದರೆ ಚಪ್ಪಟೆ ಹುಳು, ಬ್ರಿಸಲ್ ಹುಳು ಕಡಿಮೆಯಾಗುತ್ತವೆ. ನನ್ನ ಜೊವಾಂಥಿಡ್ ಮೇಲಿದ್ದ ಸಣ್ಣ ಚಪ್ಪಟೆ ಹುಳುಗಳು ಒಂದು ತಿಂಗಳಲ್ಲಿ ಕಾಣೆಯಾದವು. ಜೊತೆಗೆ ನಾನು ಇಷ್ಟಪಟ್ಟು ತಂದಿದ್ದ ಪುಟ್ಟ ಶಂಖದ ಹುಳುಗಳೂ ಕಾಣೆಯಾದವು, ಅದು ಬೇರೆ ಮಾತು. ಕ್ಲೀನರ್ ರಾಸ್ ಮಾತ್ರ ನಾನು ತರುವುದಿಲ್ಲ. ಬೇರೆ ಮೀನಿನ ಮೈ ಹೆಕ್ಕಿ ಬದುಕುವ ಅದು ಟ್ಯಾಂಕಿನಲ್ಲಿ ಹೆಚ್ಚಾಗಿ ಹಸಿವಿಗೇ ಸಾಯುತ್ತದೆ.

ಅಂದದಲ್ಲಿ ಫೇರಿಗೆ ಸಾಟಿ ಇಲ್ಲ. ಗಂಡು ರೆಕ್ಕೆ ಬಿಚ್ಚಿ ಬಣ್ಣ ಮಿಂಚಿಸುವ ಆ ಎರಡು ಸೆಕೆಂಡಿಗೆ ಮನೆಗೆ ಬಂದವರೂ ಕಾಫಿ ಲೋಟ ಕೆಳಗಿಡುತ್ತಾರೆ. ಆದರೂ ಮೊದಲ ಸಲ ರಾಸ್ ತರುವವರಿಗೆ ನಾನು ಹೇಳುವುದು ಮೆಲನ್ಯೂರಸ್. ಗಟ್ಟಿ ಮೀನು, ಜಗಳ ಕಡಿಮೆ. ಎರಡು ಇಂಚು ನುಣ್ಣನೆ ಮರಳು ಇರಬೇಕು ಅಷ್ಟೇ. ತಳದಲ್ಲಿ ಮರಳೇ ಇಲ್ಲದ ಟ್ಯಾಂಕಾದರೆ ಫೇರಿ. ಅದು ರಾತ್ರಿ ಕಲ್ಲಿನ ಸಂದಿಯಲ್ಲಿ ಲೋಳೆಯ ಗೂಡು ಹೆಣೆದು ಮಲಗುತ್ತದೆ, ಮರಳು ಬೇಡ.

ಸಿಕ್ಸ್‌ಲೈನ್‌ಗೆ ಎರಡನೇ ಅವಕಾಶ ಕೊಟ್ಟೆ. ಎರಡು ತಿಂಗಳು ಸಂಪ್‌ನಲ್ಲಿದ್ದ ಅದನ್ನು ಎಲ್ಲರಿಗಿಂತ ಕೊನೆಯವನಾಗಿ, ಬುಟ್ಟಿಯಲ್ಲಿಟ್ಟು ಬಿಟ್ಟೆ. ಮೂರು ವಾರ ಎಷ್ಟು ಸಾಧುವಾಗಿತ್ತು ಅಂದರೆ ಅಮ್ಮ ‘ಪೊಲೀಸಪ್ಪ ರಿಟೈರ್ ಆದ’ ಅಂದರು. ನಾಲ್ಕನೇ ವಾರ ಫೇರಿಯ ಬಾಲದಲ್ಲಿ ಒಂದು ಸಣ್ಣ ಕಚ್ಚು ಕಂಡಿತು. ಅವತ್ತೇ ಸೋಡಾ ಬಾಟಲಿ ಮತ್ತೆ ಇಳಿಸಿದೆ. ಈಗ ಅದು ಸ್ನೇಹಿತನ ಮನೆಯಲ್ಲಿ, ಜಗಳಗಂಟ ಡ್ಯಾಮ್ಸೆಲ್ ಮೀನುಗಳ ನಡುವೆ ಇದೆ. ಅಲ್ಲಿ ಅದರ ಆಟ ನಡೆಯುತ್ತಿಲ್ಲವಂತೆ.

ನಮ್ಮ ಮೆಲನ್ಯೂರಸ್ ಲೈಟ್ ಆರುವ ಒಂದು ಗಂಟೆ ಮೊದಲೇ, ದಿನಾ ಅದೇ ಎಡಮೂಲೆಗೆ ಹೋಗಿ, ಒಂದು ಸುತ್ತು ಹಾಕಿ, ಮರಳಿಗೆ ಧುಮುಕುತ್ತದೆ. ಅದು ಮಲಗಿತು ಅಂದರೆ ನಮ್ಮ ಮನೆಯಲ್ಲಿ ರಾತ್ರಿ ಅಡುಗೆಗೆ ಕುಕ್ಕರ್ ಇಡುವ ಹೊತ್ತು.