ಆರು ವರ್ಷದ ಬಳಕೆ: ದಾವಣಗೆರೆಯಲ್ಲಿ ಒಂದು ಹಳೇ ಪಿನ್‌ಬಾಲ್ ಯಂತ್ರ

ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಹೊಡೆದು ಅಂಕ ಗಳಿಸುವ ಆಟದ ಪೆಟ್ಟಿಗೆ ಇದು. ಈ ಯಂತ್ರ ಮನೆಗೆ ಬಂದು ಈ ದಸರಾಕ್ಕೆ ಆರು ವರ್ಷ ತುಂಬಿತು. ಬಂದ ಹೊಸದರಲ್ಲಿ ಬರೆದಿದ್ದರೆ ಬರೀ ದೂರೇ ಇರುತ್ತಿತ್ತು. ಈಗ ಇದರ ಒಳಗು ಹೊರಗು ಗೊತ್ತಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಇದು 1970ರ ದಶಕದ್ದು, ಎಲೆಕ್ಟ್ರೋಮೆಕ್ಯಾನಿಕಲ್ ಜಾತಿ. ಒಳಗೆ ಚಿಪ್ ಇಲ್ಲ, ಕಂಪ್ಯೂಟರ್ ಇಲ್ಲ. ಕಾಯಿಲ್ (ತಂತಿಯ ಸುರುಳಿ), ಕಾಯಿಲ್ ಎಳೆದಾಗ ಸ್ವಿಚ್ ತೆರೆದು ಮುಚ್ಚುವ ರಿಲೇ, ಒಂದು ಸಣ್ಣ ಮೋಟರ್, ನೂರಾರು ತೆಳು ಪಟ್ಟಿಯ ಸ್ವಿಚ್‌ಗಳು, ಅಷ್ಟೇ. ಅಂಕ ತೋರಿಸೋಕೆ ಅಂಕಿ ಬರೆದ ಡ್ರಮ್ ತಿರುಗುತ್ತದೆ. ಗಂಟೆ ಬಾರಿಸೋಕೆ ನಿಜವಾದ ಗಂಟೆಯೇ ಇದೆ. ಆ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಬೋರ್ಡ್‌ಗಳು ಬಂದವು, ಇಂಥ ಯಂತ್ರಗಳ ತಯಾರಿಕೆ ನಿಂತುಹೋಯಿತು. ನಮ್ಮದು ಚಿಕಾಗೋದಲ್ಲಿ ಹುಟ್ಟಿ, ಮುಂಬೈಯ ಒಂದು ಆಟದಂಗಡಿಯಲ್ಲಿ ದುಡಿದು, ಅಂಗಡಿ ಮುಚ್ಚಿದ ಮೇಲೆ ಲಾರಿಯಲ್ಲಿ ದಾವಣಗೆರೆಗೆ ಬಂತು. ತೂಕ ನೂರು ಕಿಲೋಗಿಂತ ಜಾಸ್ತಿ. ಇಳಿಸೋಕೆ ನಾಲ್ಕು ಜನ ಬೇಕಾದರು.

ಮೊದಲ ಮಾತು ಕರೆಂಟಿನದು. ಅಮೆರಿಕದ ಯಂತ್ರಕ್ಕೆ ಬೇಕಾದದ್ದು ಸುಮಾರು 115 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ ಬರೋದು 230 ವೋಲ್ಟ್, 50 ಹರ್ಟ್ಜ್. ನೇರ ಹಾಕಿದರೆ ಅಲ್ಲಿಗೆ ಮುಗೀತು. ಇಲ್ಲಿನ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ವೋಲ್ಟ್ ಇಳಿಸುವ 500 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಕರೆಂಟ್ ಬರುವ ಕಡೆಯ, ಹೋಗುವ ಕಡೆಯ ತಂತಿ ಸುತ್ತು ಒಂದಕ್ಕೊಂದು ತಾಗದೆ ಬೇರೆ ಬೇರೆ ಇರಲಿ ಅಂತ ಹೇಳಿಯೇ ಮಾಡಿಸಿದ್ದು. ಕಾಸು ಸ್ವಲ್ಪ ಜಾಸ್ತಿ ಆಯಿತು, ಆದರೆ ಕೈ ಹಾಕಿ ಕೆಲಸ ಮಾಡುವ ಯಂತ್ರಕ್ಕೆ ಅದು ಇರಲೇಬೇಕು. ಯಂತ್ರಕ್ಕೆ ಎರಡು ಪಿನ್ನಿನ ವೈರ್ ಇತ್ತು. ಅದನ್ನು ಕಿತ್ತು, ಮೂರು ಪಿನ್ನಿನದು ಹಾಕಿ, ಲೋಹದ ಭಾಗಗಳಿಗೆಲ್ಲ ಅರ್ಥಿಂಗ್ ಕೊಟ್ಟೆ. 50 ಹರ್ಟ್ಜ್‌ನಿಂದಾಗಿ ಒಳಗಿನ ಮೋಟರ್ ಸುಮಾರು ಆರರಲ್ಲೊಂದು ಪಾಲು ನಿಧಾನ ತಿರುಗುತ್ತದೆ. ಆಟಕ್ಕೆ ಅದರಿಂದ ಏನೂ ತೊಂದರೆ ಆಗಿಲ್ಲ.

ಆನ್ ಮಾಡಿದ ಮೊದಲ ರಾತ್ರಿ ಯಂತ್ರ ಟಕ ಟಕ ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ಹೊಸ ಆಟ ಶುರುವಾಗುವಾಗ ಡ್ರಮ್‌ಗಳೆಲ್ಲ ಸೊನ್ನೆಗೆ ಬಂದು ನಿಲ್ಲಬೇಕು. ನಾಲ್ಕೂ ಡ್ರಮ್‌ಗಳಲ್ಲಿ ಸೊನ್ನೆ ಕಾಣುತ್ತಿದೆ, ಆದರೂ ಮೋಟರ್ ತಿರುಗುತ್ತಲೇ ಇದೆ. ಎರಡು ವಾರ ಮಲ್ಟಿಮೀಟರ್ ಹಿಡಿದು ಒದ್ದಾಡಿದೆ. ಎಲ್ಲಿ ಇಟ್ಟರೂ ಬೀಪ್ ಅನ್ನುತ್ತಿತ್ತು.

ದಾರಿ ತೋರಿಸಿದ್ದು ಚನ್ನಗಿರಿ ಕಡೆಯ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್. ನಮ್ಮ ತೋಟದ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡುವವರು. ಬೇರೆ ಕೆಲಸಕ್ಕೆ ಮನೆಗೆ ಬಂದಿದ್ದರು. ಮುಚ್ಚಳ ತೆಗೆದಿದ್ದ ಯಂತ್ರದ ಮುಂದೆ ಕೂತು ಬಹಳ ಹೊತ್ತು ಸುಮ್ನೆ ನೋಡಿದರು. ಆಮೇಲೆ, "ಸರ್, ಇದು ನಮ್ ಸ್ಟಾರ್ಟರ್ ಡಬ್ಬೀನೇ ಅಲ್ವಾ? ಮೂವತ್ತು ಸ್ಟಾರ್ಟರ್ ಒಂದ್ರಾಗೇ ಇಟ್ಟಾರೆ, ಅಷ್ಟೇ" ಅಂದರು.

ಆ ಮಾತು ನನಗೆ ಇಡೀ ಯಂತ್ರ ಬಿಡಿಸಿಕೊಟ್ಟಿತು. ಸ್ಟಾರ್ಟರಿನ ಹಸಿರು ಬಟನ್ ಒತ್ತಿ ಬಿಟ್ಟರೂ ಪಂಪ್ ಓಡುತ್ತಲೇ ಇರುತ್ತದಲ್ಲ, ಅದು ಹೋಲ್ಡಿಂಗ್. ಕಾಯಿಲ್ ಎಳೆದುಕೊಂಡ ಮೇಲೆ ತನ್ನದೇ ಒಂದು ಪಾಯಿಂಟ್ (ಸ್ವಿಚ್ಚಿನ ತಾಗುವ ತುದಿ) ಮೂಲಕ ತನಗೆ ಕರೆಂಟ್ ತಗೊಳ್ಳುತ್ತದೆ. ಪಿನ್‌ಬಾಲ್ ರಿಲೇಯೂ ಹಾಗೇ. ಗುಂಡು ತಗುಲಿ ರಿಲೇ ಎಳೆಯುತ್ತದೆ, ತನ್ನ ಪಾಯಿಂಟ್‌ನಿಂದ ಹಿಡಿದುಕೊಳ್ಳುತ್ತದೆ, ಮೋಟರ್ ತನ್ನ ಸುತ್ತು ಮುಗಿಸುವಾಗ ಬೇರೊಂದು ಸ್ವಿಚ್ ತೆರೆದು ಅದನ್ನು ಬಿಡಿಸುತ್ತದೆ. ನಿಲ್ಲದ ಯಂತ್ರ ಅಂದರೆ ಯಾರೋ ಬಿಡುತ್ತಿಲ್ಲ ಅಂತ ಅರ್ಥ. ಹಾಗಾದರೆ ಯಾರು?

ಅವರು ಲಗ್ನಪತ್ರಿಕೆಯ ಗಟ್ಟಿ ಕಾಗದದಿಂದ ಬೆರಳಗಲದ ಪಟ್ಟಿ ಕತ್ತರಿಸಿಕೊಂಡರು. ಪ್ರತಿ ಡ್ರಮ್ಮಿನ ಹಿಂದೆ ಸೊನ್ನೆಗೆ ಬಂದಾಗ ತೆರೆಯಬೇಕಾದ ಒಂದು ಸ್ವಿಚ್ ಇದೆ. ನಡುವೆ ಕಾಗದ ಇದ್ದರೆ ಆ ಸ್ವಿಚ್ ತೆರೆದಂತೆಯೇ. ಆಫ್ ಮಾಡಿ ಮೊದಲ ಡ್ರಮ್ಮಿನ ಸ್ವಿಚ್ ನಡುವೆ ಕಾಗದ ತೂರಿಸಿದರು. ಆನ್ ಮಾಡಿದರೆ ಟಕ ಟಕ ಹಾಗೇ ಇದೆ. ಎರಡನೆಯದು, ಅದೂ ಹಾಗೇ. ಮೂರನೆಯದಕ್ಕೆ ಹಾಕಿ ಆನ್ ಮಾಡಿದಾಗ ಸೊನ್ನೆಗೆ ಬಂದು ಯಂತ್ರ ನಿಂತಿತು. ಗುಂಡು ಹೊರಗೆ ಬಂತು. ಹತ್ತಿರದಿಂದ ನೋಡಿದರೆ ಆ ಸ್ವಿಚ್ಚಿನ ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟೂ ಸಂದು ಇರಲಿಲ್ಲ. ತೆಳು ಇಕ್ಕಳದಿಂದ ಒಂದು ಪಟ್ಟಿ ಬಗ್ಗಿಸಿದೆವು. ಖರ್ಚು ಏನೂ ಇಲ್ಲ.

ಮೀಟರ್ ಯಾಕೆ ದಾರಿ ತಪ್ಪಿಸಿತು ಅಂತ ಆಮೇಲೆ ತಿಳಿಯಿತು. ಕಾಯಿಲ್‌ಗಳ ರೆಸಿಸ್ಟೆನ್ಸ್ ಕೆಲವೇ ಓಮ್. ಸ್ವಿಚ್ ತೆರೆದಿದ್ದರೂ ಕರೆಂಟ್ ಬೇರೆ ಕಾಯಿಲ್ ಸುತ್ತಿಕೊಂಡು ಬರುತ್ತದೆ, ಮೀಟರ್ ಬೀಪ್ ಅನ್ನುತ್ತದೆ. ಒಂದು ವೈರ್ ಬಿಚ್ಚಿ ನೋಡಬೇಕು, ಇಲ್ಲ ಕಾಗದ ತೂರಿಸಬೇಕು. ಇಂಥ ಯಂತ್ರ ಇರುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಎರಡನೇ ವರ್ಷ ಎಡಗಡೆ ಫ್ಲಿಪ್ಪರ್ (ಬಟನ್ ಒತ್ತಿದರೆ ಗುಂಡು ಹೊಡೆಯುವ ಸಣ್ಣ ಕೈ) ಕಾಯಿಲ್ ಸುಟ್ಟಿತು. ಹಾಲ್ ತುಂಬಾ ವಾರ್ನಿಷ್ ಸುಟ್ಟ ವಾಸನೆ. ಫ್ಲಿಪ್ಪರ್ ಕಾಯಿಲ್‌ಗೆ ಎರಡು ಸುತ್ತು ಇರುತ್ತವೆ. ಹೊಡೆಯೋಕೆ ದಪ್ಪ ತಂತಿಯದು, ಎತ್ತಿ ಹಿಡಿಯೋಕೆ ಸಣ್ಣ ತಂತಿಯದು. ಫ್ಲಿಪ್ಪರ್ ಮೇಲೆ ಹೋದ ಕೂಡಲೇ ಕೊನೆಯ ಸ್ವಿಚ್ ತೆರೆದು ಸಣ್ಣ ಸುತ್ತನ್ನೂ ದಾರಿಯಲ್ಲಿ ಸೇರಿಸಿ ಕರೆಂಟ್ ಕಡಿಮೆ ಮಾಡಬೇಕು. ನಮ್ಮದರಲ್ಲಿ ಆ ಸ್ವಿಚ್ ತೆರೆಯುತ್ತಿರಲಿಲ್ಲ. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಪೂರಾ ಕರೆಂಟ್. ಅದೇ ಸ್ವಿಚ್ ಕೊಳೆಯಾಗಿದ್ದರೆ ತೊಂದರೆ ಉಲ್ಟಾ, ಫ್ಲಿಪ್ಪರ್‌ಗೆ ಬಲವೇ ಇರೋದಿಲ್ಲ. ಸುಟ್ಟ ಕಾಯಿಲ್ಲನ್ನು ಆ ರಿವೈಂಡಿಂಗ್ ಅಂಗಡಿಗೇ ಕೊಟ್ಟೆ. ಅವರು ಸುತ್ತು ಎಣಿಸಿಕೊಂಡೇ ಬಿಚ್ಚಿ, ಅದೇ ಗೇಜಿನ ತಂತಿ ಸುತ್ತಿಕೊಟ್ಟರು. ನಾಲ್ಕು ವರ್ಷ ಆಯಿತು, ಇವತ್ತಿಗೂ ಓಡುತ್ತಿದೆ. ಹೊರದೇಶದಿಂದ ತರಿಸುವ ಅಗತ್ಯವೇ ಬೀಳಲಿಲ್ಲ. ದಾವಣಗೆರೆಯಂಥ ಊರಲ್ಲಿ ಇದನ್ನು ಇಟ್ಟುಕೊಳ್ಳುವ ದೊಡ್ಡ ಅನುಕೂಲವೇ ಇದು. ಮೋಟರ್ ಸುತ್ತುವ ಕೈಗಳು ಇನ್ನೂ ಇಲ್ಲಿವೆ.

ಆಮೇಲಿನ ಫಾಲ್ಟ್‌ಗಳೆಲ್ಲ ಸಣ್ಣವು. 50 ಅಂಕದ ಗುರಿಗೆ ಹೊಡೆದರೆ 10 ಮಾತ್ರ ಬರುತ್ತಿತ್ತು. ರಿಲೇಯ ಹೋಲ್ಡಿಂಗ್ ಪಾಯಿಂಟ್ ಕಪ್ಪಾಗಿತ್ತು, ಹತ್ತು ಹತ್ತರ ಐದು ಏಟು ಮುಗಿಯೋ ಮೊದಲೇ ಬಿಟ್ಟುಬಿಡುತ್ತಿತ್ತು. ಮಳೆಗಾಲದಲ್ಲಿ ತಲೆಪೆಟ್ಟಿಗೆಯ ದೀಪಗಳು ಮಿನುಗಿದವು. ಮೇಲಿನ ಪೆಟ್ಟಿಗೆಗೂ ಕೆಳಗಿನದಕ್ಕೂ ನಡುವೆ ಇರುವ ದೊಡ್ಡ ಪ್ಲಗ್ಗಿನ ಪಿನ್‌ಗಳು ಮಂಕಾಗಿದ್ದವು, ಒರೆಸಿದೆ, ಸರಿಹೋಯಿತು.

ಒಂದು ತಪ್ಪು ಮಾತ್ರ ದುಬಾರಿಯಾಯಿತು. ಮೊದಲ ವರ್ಷ ತುಕ್ಕು ಬಿಡಿಸುವ ಸ್ಪ್ರೇಯನ್ನು ಎಲ್ಲ ಕಡೆ ಹೊಡೆದಿದ್ದೆ. ಬೇಸಿಗೆಯ ಧೂಳು ಆ ಎಣ್ಣೆಗೆ ಅಂಟಿ ಮೇಣದಂತಾಯಿತು. ಕಾಯಿಲ್ ಒಳಗಿನ ಕಬ್ಬಿಣದ ಕಡ್ಡಿಗಳೆಲ್ಲ ಜಿಗುಟಾದವು. ಒಂದೊಂದನ್ನೂ ಬಿಚ್ಚಿ ಒರೆಸೋಕೆ ಒಂದು ತಿಂಗಳ ಭಾನುವಾರಗಳೆಲ್ಲ ಹೋದವು. ಕಿಡಿ ಹಾರುವ ಸ್ವಿಚ್‌ಗಳ ಹತ್ತಿರ ಅಂಥ ಸ್ಪ್ರೇ ಬೆಂಕಿಗೂ ದಾರಿ. ಪಾಯಿಂಟ್ ಒರೆಸೋಕೂ ಮರಕ್ಕೆ ಉಜ್ಜುವ ಒರಟು ಪೇಪರ್ ಬೇಡ. ಬೆಳ್ಳಿಯ ಪಾಯಿಂಟ್ ಸವೆದರೆ ಮತ್ತೆ ಬರೋದಿಲ್ಲ. ಲಗ್ನಪತ್ರಿಕೆಯ ಕಾಗದವೇ ಸಾಕು. ಎರಡು ಪಾಯಿಂಟ್ ಸುಮ್ನೆ ತಾಗಿದರೂ ಸಾಲದು. ತಾಗಿದ ಮೇಲೆ ಎದುರಿನ ಪಟ್ಟಿ ಒಂದಿಷ್ಟು ಹಿಂದಕ್ಕೆ ಬಾಗಬೇಕು, ಆಗ ತಾವೇ ಉಜ್ಜಿಕೊಂಡು ಚೊಕ್ಕಟ ಇರುತ್ತವೆ.

ಇನ್ನೊಂದು ಮುಖ್ಯ ಮಾತು. ಕಾಯಿಲ್‌ಗೆ ಹೋಗೋದು ಕಡಿಮೆ ವೋಲ್ಟೇಜ್ ಅಂತ ಧೈರ್ಯ ಮಾಡಬೇಡಿ. ಪೆಟ್ಟಿಗೆಯ ಸ್ವಿಚ್ ಆಫ್ ಇದ್ದರೂ ಆ ಸ್ವಿಚ್‌ವರೆಗೆ ಪೂರಾ ಕರೆಂಟ್ ಇರುತ್ತದೆ. ಕೈ ಹಾಕೋ ಮೊದಲು ಪ್ಲಗ್ ಕೀಳಿ. ಫ್ಯೂಸ್ ಹೋದರೆ ಅದೇ ಅಳತೆಯದೇ ಹಾಕಿ.

ಕೊಳ್ಳಬಹುದಾ ಅಂತ ಕೇಳಿದರೆ, ವೈರಿಂಗ್ ಹಾಳೆ ಜೊತೆಗೆ ಸಿಕ್ಕರೆ ಮಾತ್ರ ಕೊಳ್ಳಿ. ಅದರಲ್ಲಿ ಪ್ರತಿ ರಿಲೇಯ ಹೆಸರೂ ಇರುತ್ತದೆ. ನಾನು ಅದನ್ನು ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದ್ದೇನೆ. ಸರಿಮಾಡಿದ ಒಂದೊಂದು ಫಾಲ್ಟಿನ ಜಾಗಕ್ಕೂ ಕೆಂಪು ಪೆನ್ನಿನಲ್ಲಿ ತಾರೀಖು ಬರೆದಿದ್ದೇನೆ, ಹನ್ನೊಂದು ಗುರುತು ಆಗಿವೆ. ಸದ್ಯ 100 ಅಂಕಕ್ಕೆ ಬಾರಿಸುವ ಗಂಟೆ ಹತ್ತು ಸಲಕ್ಕೆ ಒಂದು ಸಲ ಬಾರಿಸುವುದಿಲ್ಲ. ಕಾಯಿಲ್ ಸರಿ ಇದೆ, ಕಡ್ಡಿ ಸಲೀಸಾಗಿ ಆಡುತ್ತದೆ. ಡ್ರಮ್ಮಿನ ಪಕ್ಕದ ಸ್ವಿಚ್ಚಿನ ಮೇಲೆ ಅನುಮಾನ ಇದೆ. ಈ ಭಾನುವಾರ ಕಾಗದ ಹಿಡಿದು ಕೂರಬೇಕು.