ಅಪ್ಪನ ಬೈಬಲ್ ರಿಪೇರಿ: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೆನ್ನಾಗಿದೆ. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನುವುದು ಕೊನೆಯಲ್ಲಿ ಬರುತ್ತದೆ. ಅದರಲ್ಲಿ ಅರ್ಧ ತಪ್ಪು ನನ್ನದೇ.

ರಿಪೇರಿಗೆ ಕೊಟ್ಟದ್ದು ನಮ್ಮಪ್ಪನ ಬೈಬಲ್. 38 ವರ್ಷ ಅವರ ಕೈಯಲ್ಲೇ ಸವೆದ ಪುಸ್ತಕ. ಹೋದ ಏಪ್ರಿಲ್ ಕೊನೆಯಲ್ಲಿ ಅಪ್ಪ ತೀರಿಕೊಂಡರು. 78 ವರ್ಷವಾಗಿತ್ತು. ವಾಚು, ಪೆನ್ನು, ಸ್ವೆಟರು ಎಲ್ಲ ಮಕ್ಕಳು ಮೊಮ್ಮಕ್ಕಳು ಹಂಚಿಕೊಂಡೆವು. ಬೈಬಲನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಅಮ್ಮನದು ಅಂತ ಯಾರೂ ಹೇಳದೆಯೇ ಗೊತ್ತಿತ್ತು. ಆದರೆ ಅಮ್ಮ ಅದನ್ನು ತೆರೆಯಲು ಹೆದರುತ್ತಿದ್ದರು. ತೆರೆದರೆ ಸಾಕು, ಮೊದಲ ಪುಸ್ತಕವಾದ ಆದಿಕಾಂಡದ ಹಾಳೆಗಳು ಮಡಿಲಿಗೆ ಉದುರುತ್ತಿದ್ದವು. ಬೆನ್ನು ಪೂರ್ತಿ ಬಿಟ್ಟುಹೋಗಿತ್ತು. ರೆಕ್ಸಿನ್ ಹರಿದು ಮೂಲೆಯಲ್ಲಿ ರಟ್ಟು ಕಾಣುತ್ತಿತ್ತು.

ಮೊದಲು ಒಯ್ದ ಕಡೆ ಬೈಂಡರ್ ಪುಸ್ತಕವನ್ನು ಒಮ್ಮೆ ತಿರುಗಿಸಿ ನೋಡಿ, "ಮೂರೂ ಕಡೆ ಕಟಿಂಗ್ ಕೊಟ್ಟುಬಿಟ್ರೆ ಹೊಸದರ ಥರ ಆಗುತ್ತೆ" ಅಂದರು. ಅಪ್ಪ ಬರೆಯುತ್ತಿದ್ದದ್ದೇ ಅಂಚಿನಲ್ಲಿ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದೆ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ, ಕೊಡುವ ಮುಂಚೆ ಈ ಒಂದು ಪ್ರಶ್ನೆ ಕೇಳಿ: ಅಂಚು ಕತ್ತರಿಸುತ್ತೀರಾ?

ಎರಡನೆಯವರು ಹಳೆ ಪುಸ್ತಕಗಳನ್ನು ಮಾತ್ರ ಸರಿಮಾಡುವವರು. ನಾನು ನಾಲ್ಕು ಸ್ಟಾರ್ ಕೊಡುತ್ತಿರುವುದು ಇವರಿಗೆ. ಬೈಬಲ್ ಮೇಜಿನ ಮೇಲಿಟ್ಟ ಮೇಲೆ ಅದರೊಳಗೆ ಏನೇನಿದೆ ಅಂತ ಬರೆದುಕೊಳ್ಳಲು ಶುರು ಮಾಡಿದರು. ಒಣಗಿದ ಎಲೆ, ಮದುವೆ ಆಮಂತ್ರಣ, ಮೊಮ್ಮಗನ ಪಾಸ್‌ಪೋರ್ಟ್ ಸೈಜ್ ಫೋಟೋ, ಪೇಪರ್ ಕಟಿಂಗ್‌ಗಳು, ಪ್ರಾರ್ಥನೆಯ ಚೀಟಿಗಳು. ಒಟ್ಟು 41. ಯಾವ ಚೀಟಿ ಯಾವ ಪುಟದ್ದು ಅಂತ ಫೋಟೋ ಸಮೇತ ಗುರುತು ಮಾಡಿಕೊಂಡರು. ಬೆನ್ನು ಒಡೆದದ್ದೇ ಇವುಗಳ ಉಬ್ಬಿನಿಂದ ಅಂತ ಆಗ ತಿಳಿಯಿತು. ಪೇಪರ್ ಕಟಿಂಗ್ ಇದ್ದ ಕಡೆ ಎದುರು ಪುಟದಲ್ಲೂ ಅದೇ ಆಕಾರದ ಕಂದು ನೆರಳು ಬಿದ್ದಿತ್ತು. ಸುದ್ದಿಪತ್ರಿಕೆಯ ಅಗ್ಗದ ಕಾಗದ ಹಳೆಯದಾದಂತೆ ಆಮ್ಲ ಬಿಡುತ್ತದೆ, ಅದು ಪಕ್ಕದ ಹಾಳೆಯನ್ನೂ ಸುಡುತ್ತದೆ.

ಆ ಚೀಟಿಗಳನ್ನು ನಾನು ಮೊದಲ ಸಲ ಓದಿದ್ದು ಅಲ್ಲೇ, ಅವರ ಮೇಜಿನ ಮುಂದೆ ನಿಂತು. ಅಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡುತ್ತಾರೆ ಅಂತ ಗೊತ್ತಿತ್ತು. ಪಟ್ಟಿ ಇಟ್ಟುಕೊಂಡು ಮಾಡುತ್ತಾರೆ ಅಂತ ಗೊತ್ತಿರಲಿಲ್ಲ. ಒಂದು ಚೀಟಿಯಲ್ಲಿ ನನ್ನ ಹೆಸರು, ಮುಂದೆ "ಗಣಿತ". ತಮ್ಮನ ಹೆಸರಿನ ಮುಂದೆ "ಬೈಕು". ಅಮ್ಮನ ಹೆಸರಿನ ಮುಂದೆ "ಮಂಡಿ ನೋವು, ನನ್ನ ಕೋಪ". ಆಗ ಬೈಂಡರ್ ಯಾಕೋ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಅದಕ್ಕೇ ಒಂದು ಸ್ಟಾರ್ ಕೊಡಬಹುದು.

ಇನ್ನು ಕೆಲಸದ ವಿಷಯ. ಬೈಬಲ್ ಕಾಗದ ಎಷ್ಟು ತೆಳು ಅಂತ ನನಗೆ ಅಂದಾಜಿರಲಿಲ್ಲ. ನಾವು ಪ್ರಿಂಟರಿಗೆ ಹಾಕುವ ಹಾಳೆ ಚದರ ಮೀಟರಿಗೆ 80 ಗ್ರಾಂ. ಇದು 30ರ ಆಸುಪಾಸು. ನೀರಾದ ಗೋಂದು ಹಚ್ಚಿದರೆ ಸುಕ್ಕುಗಟ್ಟುತ್ತದೆ. ಹರಿದ ಕಡೆಗೆಲ್ಲ ಜಪಾನಿ ಟಿಶ್ಯೂ ಅಂಟಿಸಿದ್ದಾರೆ. ಹೆಸರು ಟಿಶ್ಯೂ ಅಷ್ಟೇ, ಮೂಗು ಒರೆಸುವುದಲ್ಲ. ಕೋಝೋ ಅನ್ನುವ ಗಿಡದ ತೊಗಟೆಯ ನಾರಿನದು. ನಾರು ಉದ್ದವಾಗಿರುವುದರಿಂದ ತೆಳುವಾಗಿದ್ದರೂ ಗಟ್ಟಿ. ಅಂಟು ಗೋಧಿ ಪಿಷ್ಟದ್ದು. ಮುಂದೆ ಯಾರಿಗಾದರೂ ಬೇಡ ಅನ್ನಿಸಿದರೆ ತೇವ ಕೊಟ್ಟು ಬಿಡಿಸಬಹುದು. ಒಟ್ಟಿಗೆ ಮಡಿಚಿದ ಹಾಳೆಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ದಾರದಲ್ಲಿ ಮತ್ತೆ ಹೊಲಿದಿದ್ದಾರೆ. ಈಗ ಎಲ್ಲಿ ತೆರೆದರೂ ಅಂಗಾತ ಮಲಗುತ್ತದೆ. ಹೊದಿಕೆ ಹೊಸದು. ಹಳೆಯದನ್ನು ಬಿಸಾಡದೆ ಲಕೋಟೆಯಲ್ಲಿ ಹಾಕಿ ಕೊಟ್ಟರು.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಪುಟಕ್ಕೆ ಅಪ್ಪನೇ ಯಾವತ್ತೋ ಸೆಲ್ಲೋಟೇಪ್ ಹಚ್ಚಿದ್ದರು. ಅದನ್ನು ಬಿಸಿ ಕೊಟ್ಟು ಎಬ್ಬಿಸಿದ್ದಾರೆ, ಆದರೆ ಹಳದಿ ಕಲೆ ಹಾಗೇ ಇದೆ. ಕಲೆ ತೆಗೆಯುವ ದ್ರಾವಣ ಹಾಕಿದ್ದರೆ ಬಾಲ್ ಪೆನ್ನಿನ ಇಂಕೂ ಹರಡಿಬಿಡುತ್ತಿತ್ತು. ಆ ಪುಟದಲ್ಲಿ ಅಪ್ಪನ ಗೀಟುಗಳಿವೆ. ಬೈಬಲಿನಲ್ಲಿ ಒಟ್ಟು 1189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಮುಗಿದಾಗಲೆಲ್ಲ ಅಪ್ಪ ಒಂದು ಗೀಟು ಎಳೆಯುತ್ತಿದ್ದರು. 36 ಗೀಟುಗಳಿವೆ. ಒಂದು ವರ್ಷ ತಪ್ಪಿದ್ದು ಕಣ್ಣಿನ ಆಪರೇಷನ್ ಆದಾಗ. ಈ ವರ್ಷದ್ದು ಅರ್ಧಕ್ಕೇ ನಿಂತಿದೆ. ರಿಬ್ಬನ್ ಇದ್ದದ್ದು ಪೂರ್ವಕಾಲವೃತ್ತಾಂತದ ಎರಡನೇ ಪುಸ್ತಕದ 20ನೇ ಅಧ್ಯಾಯದಲ್ಲಿ. ಲೆಕ್ಕ ಹಾಕಿ ನೋಡಿದೆ, ಏಪ್ರಿಲ್ ಕೊನೆಗೆ ಸರಿಯಾಗಿ ಅಲ್ಲಿಗೇ ಬರಬೇಕು. ಒಂದು ದಿನವೂ ಹಿಂದೆ ಬಿದ್ದಿರಲಿಲ್ಲ. ಹೊಸ ರಿಬ್ಬನನ್ನು ಅದೇ ಪುಟದಲ್ಲಿಟ್ಟೇ ಕೊಟ್ಟಿದ್ದಾರೆ. ನಾನು ಹೇಳಿರಲಿಲ್ಲ.

ನಡುವೆ ಒಂದು ಸಲ ಅವರೇ ಫೋನ್ ಮಾಡಿದರು. "ಯೋನನ ಪುಸ್ತಕದ ಮೇಲೆ ಮಕ್ಕಳು ಕ್ರೆಯಾನಿನಲ್ಲಿ ಗೀಚಿದ್ದಾರೆ. ಮೇಣ, ಸ್ವಲ್ಪ ಮಟ್ಟಿಗೆ ತೆಗೆಯಬಹುದು. ತೆಗೆಯಲಾ?" ಬೇಡ ಅಂತ ಹೆಚ್ಚುಕಮ್ಮಿ ಕಿರುಚಿದೆ. ಯೋನನನ್ನು ದೊಡ್ಡ ಮೀನು ನುಂಗಿದ ಕಥೆ ಅದು. ಗೀಚಿದ್ದು ನನ್ನ ಮಗಳು, ಮೂರು ವರ್ಷದವಳಿದ್ದಾಗ. ಅವತ್ತು ನಾನು ಅವಳಿಗೆ ಹೊಡೆಯಲು ಹೋಗಿದ್ದೆ. ಅಪ್ಪ ನನ್ನ ಕೈ ಹಿಡಿದು, ಗೀಚಿದ್ದರ ಕೆಳಗೆ ತಾರೀಖು ಹಾಕಿ "ಇದು ಮೀನಂತೆ" ಅಂತ ಬರೆದರು. ಈಗ ಅವಳಿಗೆ 22. ರಿಪೇರಿಯಾಗಿ ಬಂದ ದಿನ ಎಲ್ಲಕ್ಕಿಂತ ಮೊದಲು ಹುಡುಕಿದ್ದು ಅದನ್ನೇ.

ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಮುಂಚೆ ಕುಟುಂಬದ ದಾಖಲೆಗೆ ಅಂತ ನಾಲ್ಕು ಪುಟಗಳಿವೆ. ಮದುವೆ, ಜನನ, ದೀಕ್ಷಾಸ್ನಾನ, ಮರಣ. ನಾನು ಹುಟ್ಟಿದ್ದು ನಿಮಿಷದ ಸಮೇತ ಬರೆದಿದೆ. ತಮ್ಮನದು ಬರೀ ತಾರೀಖು. ಅವನಿಗೆ ಇವತ್ತಿಗೂ ಅದೊಂದು ಸಿಟ್ಟು. ಮರಣದ ಪುಟದಲ್ಲಿ ಅಪ್ಪನ ಸಾಲನ್ನು ನಾವಿನ್ನೂ ಬರೆದಿಲ್ಲ. ಮನೆಯಲ್ಲಿ ಅಕ್ಷರ ಚೆನ್ನಾಗಿದ್ದದ್ದು ಅವರೊಬ್ಬರದೇ.

ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ, ಸೂರ್ಯ ಮುಳುಗುವುದರೊಳಗೆ ಕೋಪ ಬಿಡಬೇಕು ಅನ್ನುವ ಮಾತು ಬರುತ್ತದೆ. ಅದರ ಪಕ್ಕದ ಅಂಚಿನಲ್ಲಿ ಸಣ್ಣಗೆ ಹನ್ನೊಂದು ತಾರೀಖುಗಳಿವೆ. ಏನಿವು ಅಂತ ಅಮ್ಮನನ್ನು ಕೇಳಿದೆ. "ನಾವು ಜಗಳ ಆಡಿದ ದಿನಗಳು" ಅಂದರು. 49 ವರ್ಷದ ಸಂಸಾರದಲ್ಲಿ ಹನ್ನೊಂದೇ ಜಗಳವಾ ಅಂದೆ. "ಇವು ತಪ್ಪು ಅವರದು ಅಂತ ಅವರು ಒಪ್ಪಿಕೊಂಡದ್ದು. ಉಳಿದದ್ದಕ್ಕೆ ಪುಸ್ತಕ ಸಾಲದು" ಅಂದರು. ಮೊದಲನೇ ಬೈಂಡರ್ ಕೈಗೆ ಕೊಟ್ಟಿದ್ದರೆ ಈ ಹನ್ನೊಂದೂ ಕಸದ ಬುಟ್ಟಿಗೆ ಹೋಗುತ್ತಿದ್ದವು.

ಆರು ವಾರ ಅಂದದ್ದು ಹನ್ನೊಂದು ವಾರವಾಯಿತು. ನಾವು ಫೋನ್ ಮಾಡಿದರೆ ಎತ್ತುವುದು ಅಪರೂಪ. ಸ್ಟಾರ್ ಕಿತ್ತದ್ದು ಅದಕ್ಕಲ್ಲ.

ಅಪ್ಪನಿಗೆ ಪುಟದ ಮೂಲೆ ಮಡಿಚುವ ಅಭ್ಯಾಸವಿತ್ತು. ಅಲ್ಲಲ್ಲಿ ಮೇಲಿನ ಮೂಲೆ, ಒಳಕ್ಕೆ, ಬೆರಳಿನ ಉಗುರಿನಷ್ಟು. ರಿಪೇರಿಯಲ್ಲಿ ಎಲ್ಲ ಮಡಿಕೆಗಳನ್ನೂ ಬಿಡಿಸಿ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ ಮಾಡಿಬಿಟ್ಟಿದ್ದಾರೆ. ಕೇಳಿದ್ದಕ್ಕೆ, ಮಡಿಕೆ ಹಾಗೇ ಇದ್ದರೆ ಮೂಲೆ ಒಂದು ದಿನ ಮುರಿದು ಬೀಳುತ್ತದೆ, ಎಲ್ಲ ಕಡೆ ಹೀಗೇ ಮಾಡುವುದು ಅಂದರು. ಅವರ ಲೆಕ್ಕದಲ್ಲಿ ಸರಿ. ಚೀಟಿಗಳಿದ್ದ ಪುಟಗಳ ಫೋಟೋ ಇತ್ತು, ಮಡಿಚಿದ ಪುಟಗಳದ್ದು ಇರಲಿಲ್ಲ. ಹೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಅಮ್ಮನಿಗೆ ಬೇಕಾಗಿದ್ದದ್ದು ಅದೇ, ಅಪ್ಪ ಓದುತ್ತಾ ಎಲ್ಲೆಲ್ಲಿ ನಿಂತಿದ್ದರು ಅಂತ.

ಮಡಿಕೆಯ ಗೆರೆ ಪೂರ್ತಿ ಹೋಗುವುದಿಲ್ಲ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಕೂದಲಿನಷ್ಟು ತೆಳ್ಳಗೆ ಕಾಣುತ್ತದೆ. ಮೊಮ್ಮಕ್ಕಳು ಮೂರು ಸಂಜೆ ಮೊಬೈಲ್ ಟಾರ್ಚ್ ಹಿಡಿದು ಕೂತು 26 ಮೂಲೆ ಪತ್ತೆ ಮಾಡಿದರು. ಬಹಳಷ್ಟು ಊಹಿಸಬಹುದಾದವೇ, 23ನೇ ಕೀರ್ತನೆ ಥರದವು. ಇಪ್ಪತ್ತೇಳನೆಯದನ್ನು ಹುಡುಕಿದ್ದು ಅಮ್ಮ, ಟಾರ್ಚ್ ಇಲ್ಲದೆ, ಬರೀ ಬೆರಳ ತುದಿಯಲ್ಲಿ. ಹಬಕ್ಕೂಕನ ಪುಸ್ತಕ. ಒಟ್ಟು ಮೂರೇ ಅಧ್ಯಾಯ. ಆ ಪುಟದಲ್ಲಿ ಒಂದು ಗೀಟಿಲ್ಲ, ತಾರೀಖಿಲ್ಲ, ಚೀಟಿಯಿಲ್ಲ. ಯಾಕೆ ಮಡಿಚಿದ್ದರು ಅಂತ ಅಮ್ಮನಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡಿ, ಹಳೆ ಗೆರೆಯ ಮೇಲೇ ಮೂಲೆಯನ್ನು ಮತ್ತೆ ಮಡಿಚಿದರು.

"ಮಡಿಚಬೇಡಿ ಅಂದಿದ್ದಾರಮ್ಮ, ಮುರಿಯುತ್ತಂತೆ" ಅಂದೆ.

"ಮುರೀಲಿ ಬಿಡು" ಅಂದರು ಅಮ್ಮ, ಹೆಬ್ಬೆರಳಿನಲ್ಲಿ ಇನ್ನೊಮ್ಮೆ ಒತ್ತಿ.