ಬ್ಲಾಬ್‌ಫಿಶ್ ಕ್ರೋಶಾ ಕಿಟ್: ಹತ್ತಿ ಕಡಿಮೆ ತುಂಬಿ, ಮೂಗು ಜೋಲಲಿ

ಬ್ಲಾಬ್‌ಫಿಶ್ ಎಂಬ ಆಳಸಮುದ್ರದ ಮೀನಿನ ಗೊಂಬೆ ಹೆಣೆಯುವ 649 ರೂಪಾಯಿಯ ಈ ಕಿಟ್‌ನಲ್ಲಿ ಹೆಚ್ಚುಕಡಿಮೆ ಬೇಕಾದದ್ದೆಲ್ಲ ಉಂಟು. ಕೆಲಸ ಕೆಡಿಸುವುದು ಎರಡೇ ಶಬ್ದ. ಸೂಚನಾ ಹಾಳೆಯ 7ನೇ ಹಂತದಲ್ಲಿ ‘ಗಟ್ಟಿಯಾಗಿ ತುಂಬಿ’ ಎಂದಿದ್ದಾರೆ. ಹಾಗೆ ತುಂಬಿದರೆ ಕೈಗೆ ಬರುವುದು ಬ್ಲಾಬ್‌ಫಿಶ್ ಅಲ್ಲ, ಕಣ್ಣು ಅಂಟಿಸಿದ ಗುಲಾಬಿ ಬಟಾಟೆ.

ಪೆಟ್ಟಿಗೆಯಲ್ಲಿ 50 ಗ್ರಾಂ ತಿಳಿಗುಲಾಬಿ ಅಕ್ರಿಲಿಕ್ ಉಲ್ಲನ್, ಬಾಯಿಗೆ ಬೇಕಾಗುವ ಕಡುಬಣ್ಣದ ಚಿಕ್ಕ ಸುರುಳಿ, 3.5 ಮಿ.ಮೀ. ಕ್ರೋಶಾ ಕಡ್ಡಿ, 9 ಮಿ.ಮೀ.ನ ಒಂದು ಜೊತೆ ಕಣ್ಣು ಮತ್ತು ಅವನ್ನು ಒಳಗಿನಿಂದ ಬಿಗಿಯುವ ವಾಷರ್, 60 ಗ್ರಾಂ ಪಾಲಿಯೆಸ್ಟರ್ ಹತ್ತಿ, ಮೊಂಡು ಸೂಜಿ, ಸುತ್ತು ಗುರುತಿಸುವ ಒಂದು ಪಿನ್ನು. ಉಲ್ಲನ್ ಸಾಕಾಗುತ್ತದೆ. ಮೂಗು, ರೆಕ್ಕೆ, ಬಾಲ ಎಲ್ಲ ಸೇರಿ ಸುಮಾರು 40 ಗ್ರಾಂ ಹೋಗುತ್ತದೆ. ಹತ್ತಿ ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿಯೇ ಇದೆ. ಸೂಜಿ ಮಾತ್ರ ಉಕ್ಕಿನದು. ಮಂಗಳೂರಿನ ಜುಲೈಯಲ್ಲಿ ಅರ್ಧ ಹೆಣೆದದ್ದಕ್ಕೆ ಅದನ್ನು ಚುಚ್ಚಿಟ್ಟು ಒಂದು ವಾರ ಮರೆತರೆ ಉಲ್ಲನ್ ಮೇಲೆ ತುಕ್ಕಿನ ಕಲೆ ಕೂರುತ್ತದೆ, ಮತ್ತೆ ಯಾವ ಸಾಬೂನಿಗೂ ಹೋಗುವುದಿಲ್ಲ. ಪ್ಲಾಸ್ಟಿಕ್ ಸೂಜಿ ಒಂದು ಬೇರೆ ತೆಗೆದುಕೊಳ್ಳಿ.

ಹಾಳೆಯಲ್ಲಿ ಇನ್ನೊಂದು ಗುಂಡಿ ಉಂಟು. ಅದು ಬ್ರಿಟಿಷ್ ಪದಗಳಲ್ಲಿದೆ. ಬ್ರಿಟಿಷರು ‘ಡಬಲ್’ ಎನ್ನುವ ಕುಣಿಕೆಯನ್ನು ಅಮೆರಿಕದವರು ‘ಸಿಂಗಲ್’ ಎನ್ನುತ್ತಾರೆ. ಯೂಟ್ಯೂಬ್ ನೋಡಿ ಕಲಿತವರು ಅಮೆರಿಕದ ಡಬಲ್ ಹಾಕುತ್ತಾರೆ. ಕುಣಿಕೆ ಎತ್ತರವಾಗುತ್ತದೆ, ನಡುವೆ ಕಿಂಡಿ ಬೀಳುತ್ತದೆ, ಕಿಂಡಿಯಲ್ಲಿ ಬಿಳಿ ಹತ್ತಿ ಇಣುಕುತ್ತದೆ. ಕಡ್ಡಿಗೆ ನೂಲು ಸುತ್ತದೆ ನೇರ ಒಳಗೆ ಹೋಗುವ ಗಿಡ್ಡ ಕುಣಿಕೆಯೇ ಇಲ್ಲಿ ಬೇಕಾದದ್ದು.

ಲೆಕ್ಕ ಸುಲಭ. ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದು ಬಿಗಿಯುವ ನೂಲಿನ ಉಂಗುರ) 6 ಕುಣಿಕೆ, ಆಮೇಲೆ ಪ್ರತಿ ಸುತ್ತಿಗೆ 6 ಹೆಚ್ಚಿಸುತ್ತಾ 10ನೇ ಸುತ್ತಿಗೆ 60. ಹೆಚ್ಚಿಸುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದರೆ ತಲೆ ಉರುಟಾಗದೆ ಆರು ಮೂಲೆಯದಾಗುತ್ತದೆ, ಹಾಗಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತು ಜಾಗ ಸರಿಸಿ. 10 ಸುತ್ತು ಹಾಗೇ ಹೋಗಿ, ಅಲ್ಲಿಂದ ಎರಡು ಸುತ್ತಿಗೊಮ್ಮೆ 6 ಕಡಿಮೆ ಮಾಡುತ್ತಾ 12ಕ್ಕೆ ಇಳಿಸಿ. ಒಟ್ಟು 36 ಸುತ್ತು, ಮೈ ಉದ್ದ ಹೆಚ್ಚುಕಡಿಮೆ 16 ಸೆಂ.ಮೀ. ಕಡಿಮೆ ಮಾಡುವಾಗ ಎರಡೂ ಕುಣಿಕೆಯ ಮುಂದಿನ ಎಳೆಯನ್ನು ಮಾತ್ರ ಹಿಡಿದರೆ ಗಂಟು ಕಾಣುವುದಿಲ್ಲ. ಹೊಸಬರ ಕೈಯಲ್ಲಿ ಹೆಣೆದ ಬಟ್ಟಲಾಕಾರ ಉಲ್ಟಾ ಮಡಚಿಕೊಳ್ಳುವುದು ಮಾಮೂಲು. ಇಂಗ್ಲಿಷಿನ ‘ವಿ’ ಆಕಾರದ ಸಾಲು ಹೊರಗೆ ಬಂದಿದೆಯೇ ಎಂದು 12ನೇ ಸುತ್ತಿನ ಒಳಗೆ ನೋಡಿಕೊಳ್ಳಿ, ಬಾಲಕ್ಕೆ ಹೋದ ಮೇಲೆ ತಿರುಗಿಸುವುದು ಕಷ್ಟ.

ದೊಡ್ಡ ತಲೆ, ಸಪೂರ ಬಾಲದ ಈ ಗೊದಮೊಟ್ಟೆ ಆಕಾರ ಕಿಟ್‌ನವರು ಸರಿಯಾಗಿ ಹಿಡಿದ ವಿಷಯ. ಜೀವಂತ ಮೀನು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಸಮುದ್ರದಲ್ಲಿ 600ರಿಂದ 1,200 ಮೀಟರ್ ಆಳ ಅದರ ಮನೆ, ಉದ್ದ ಸುಮಾರು ಒಂದು ಅಡಿ. 1,000 ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಸುಮಾರು 100 ಪಟ್ಟು. ಗಟ್ಟಿ ಸ್ನಾಯು ಕಡಿಮೆ, ಗಾಳಿಚೀಲ ಇಲ್ಲ. ನೀರಿಗಿಂತ ತುಸು ಹಗುರವಾದ ಲೋಳೆಮೈ, ಅದರಿಂದಲೇ ತಳಕ್ಕಿಂತ ಸ್ವಲ್ಪ ಮೇಲೆ ಶ್ರಮವಿಲ್ಲದೆ ತೇಲಿಕೊಂಡು, ಎದುರಿಗೆ ಬಂದ ಏಡಿಯಂಥದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸುತ್ತಲಿನ ನೀರೇ ಅದಕ್ಕೆ ಆಧಾರ. ಟ್ರಾಲ್ ಬಲೆ ಮೇಲೆ ಎಳೆದಾಗ ಆಧಾರ ಹೋಯಿತು, ಮುಖ ಜೋತುಬಿತ್ತು. ‘ಮೇಲೆ ಬಂದರೆ ಸಿಡಿಯುತ್ತದೆ’ ಎನ್ನುವವರು ಮುರು ಮೀನಿನ ಜೊತೆ ಗೊಂದಲ ಮಾಡಿಕೊಂಡಿದ್ದಾರೆ. ಆಳದಿಂದ ಬೇಗ ಎಳೆದ ಮುರುವಿನ ಹೊಟ್ಟೆ ಬಾಯಿಯಲ್ಲಿ ಹೊರಗೆ ಬರುವುದು ಒಳಗಿನ ಗಾಳಿಚೀಲ ಉಬ್ಬುವುದರಿಂದ. ಬ್ಲಾಬ್‌ಫಿಶ್‌ಗೆ ಆ ಚೀಲವೇ ಇಲ್ಲ, ಉಬ್ಬುವುದೆಲ್ಲಿಂದ? ಅದು ಜೋಲುತ್ತದೆ, ಅಷ್ಟೆ. ಹಸಿ ಬಂಬಿಲ್ ಮೀನು ಬುಟ್ಟಿಯ ಅಂಚಿನಲ್ಲಿ ಒದ್ದೆ ಬಟ್ಟೆಯಂತೆ ನೇತಾಡುವುದನ್ನು ಮೀನಿನ ದಕ್ಕೆಯಲ್ಲಿ ನೋಡಿದವರಿಗೆ ಜೋಲುವುದು ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಜನ ಮೋಹಿಸಿದ್ದು ಈ ಜೋತುಬಿದ್ದ ಮುಖವನ್ನು. 2003ರಲ್ಲಿ ‘ತಂಗಾರೋವಾ’ ಎಂಬ ಸಂಶೋಧನಾ ಹಡಗಿನಲ್ಲಿ ತೆಗೆದ ಒಂದು ಫೋಟೊ ಲೋಕವೆಲ್ಲ ಸುತ್ತಿತು. ಆ ಮೀನಿಗೆ ‘ಮಿಸ್ಟರ್ ಬ್ಲಾಬಿ’ ಎಂದು ಹೆಸರಾಯಿತು, ಈಗ ಅದು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ಸಂಗ್ರಹದಲ್ಲಿದೆ. 2013ರಲ್ಲಿ ಬ್ರಿಟನ್ನಿನ ಕುರೂಪ ಪ್ರಾಣಿಗಳ ಸಂರಕ್ಷಣಾ ಸಂಘವೊಂದು ನಡೆಸಿದ ಮತದಾನದಲ್ಲಿ ಬ್ಲಾಬ್‌ಫಿಶ್ ಗೆದ್ದು ಸಂಘದ ಲಾಂಛನವಾಯಿತು. 2025ರಲ್ಲಿ ನ್ಯೂಜಿಲೆಂಡಿನ ವರ್ಷದ ಮೀನು ಎಂಬ ಪಟ್ಟವನ್ನೂ ಗೆದ್ದಿತು. ಅಂದರೆ ಈ ಗೊಂಬೆಯನ್ನು ಕೊಳ್ಳುವವರು ಕೊಳ್ಳುವುದು ದಡಕ್ಕೆ ಬಂದ ಮೀನಿನ ಅಳುಮುಖವನ್ನು. ಹಾಗಿದ್ದ ಮೇಲೆ ಗೊಂಬೆ ಜೋಲದಿದ್ದರೆ ಏನು ಬಂತು?

ಜೋಲಿಸುವ ಕ್ರಮ ಇದು. 60 ಗ್ರಾಂ ಹತ್ತಿಯಲ್ಲಿ 20ರಿಂದ 25 ಗ್ರಾಂ ಮಾತ್ರ ಬಳಸಿ. ಚಿಕ್ಕ ಚಿಕ್ಕ ತುಣುಕಾಗಿ ಬಿಡಿಸಿ, ತಲೆಯ ಮೇಲ್ಭಾಗಕ್ಕೂ ಬಾಲಕ್ಕೂ ಹಾಕಿ. ಹೊಟ್ಟೆಯ ಕೆಳಗೆ ಒಂದು ಬಟ್ಟೆಚೀಲದಲ್ಲಿ 120 ಗ್ರಾಂ ಪ್ಲಾಸ್ಟಿಕ್ ಕಾಳು ಇಡಿ, ಇದು ಪೆಟ್ಟಿಗೆಯಲ್ಲಿಲ್ಲ, ಬೇರೆ ತರಬೇಕು. ಚೀಲ ಎರಡು ಸಲ ಹೊಲಿದಿರಬೇಕು. ಇಲ್ಲದಿದ್ದರೆ ಕಾಳು ಒಂದೊಂದಾಗಿ ಕುಣಿಕೆಯ ನಡುವಿನಿಂದ ಉದುರಲು ಶುರುವಾಗುತ್ತದೆ. ಈಗ ಮೇಜಿನ ಮೇಲಿಟ್ಟರೆ ಮೈ ಅಗಲವಾಗಿ ಕೂತು, ಕೆನ್ನೆ ಎರಡೂ ಬದಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಕಾಳಿನ ಬದಲು ಅಕ್ಕಿ, ಹೆಸರುಕಾಳು ಹಾಕಬಹುದೆಂದು ಹಾಳೆಯ ಕೊನೆಯಲ್ಲಿ ಸಲಹೆ ಉಂಟು. ಬೆಂಗಳೂರಲ್ಲಿ ಆದೀತು. ಇಲ್ಲಿಯ ಮಳೆಗಾಲದ ಆಟಿ ತಿಂಗಳಿನಲ್ಲಿ ಅಕ್ಕಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬಿಟ್ಟರೆ ಹುಳ ಹಿಡಿಯುತ್ತದೆ. ಮೀನಿನ ಗೊಂಬೆಯೊಳಗಿಂದ ಅಕ್ಕಿಹುಳ ಹೊರಡುವುದನ್ನು ಮಕ್ಕಳು ನೋಡಿದರೆ ಮತ್ತೆ ಮುಟ್ಟಲಿಕ್ಕಿಲ್ಲ.

ಮುಖದ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಕಣ್ಣು ಹಾಕುವುದು ಹತ್ತಿ ತುಂಬುವ ಮೊದಲು, 14ನೇ ಸುತ್ತಿನಲ್ಲಿ, ಎರಡರ ನಡುವೆ 14 ಕುಣಿಕೆ ಬಿಟ್ಟು. ವಾಷರ್ ಪೂರ್ತಿ ಒಳಗೆ ಹೋಗಿ ಬಿಗಿಯಾಗುವ ತನಕ ಒತ್ತಬೇಕು, ಅರ್ಧಕ್ಕೆ ನಿಂತರೆ ಎಳೆದಾಗ ಕಿತ್ತುಬರುತ್ತದೆ. ಮೂರು ವರ್ಷದ ಕೆಳಗಿನ ಮಕ್ಕಳಿರುವ ಮನೆಗೆ ಈ ಕಣ್ಣು ಬೇಡವೇ ಬೇಡ, ಕಪ್ಪು ನೂಲಿನಿಂದ ಹೊಲಿಯಿರಿ. ಮೂಗು ಬೇರೆ ತುಂಡು: 6, 12, 18, 24, ಆಮೇಲೆ 4 ಸುತ್ತು ಸಮ. ಕಿಟ್‌ನ ಚಿತ್ರದಲ್ಲಿ ಅದನ್ನು ಕಣ್ಣಿನ ಸಾಲಿಗೇ ಹೊಲಿದಿದ್ದಾರೆ, ಅದಕ್ಕೇ ಹಂದಿಮುಖ ಬಂದಿದೆ. ಮೇಲಂಚನ್ನು ಮಾತ್ರ ಕಣ್ಣಿನ ಮಟ್ಟದಲ್ಲಿ ಬಿಗಿಯಾಗಿ ಹೊಲಿಯಿರಿ, ಒಳಗೆ 2 ಗ್ರಾಂ ಹತ್ತಿ ಸಾಕು. ಕೆಳಗಿನ ಅಂಚು ನಾಲ್ಕು ಸಾಲು ಕೆಳಗೆ, ಸಡಿಲ ಹೊಲಿಗೆಯಲ್ಲಿ. ಆಗ ಮೂಗು ತನ್ನ ಭಾರಕ್ಕೇ ಬಾಯಿಯ ಮೇಲೆ ಬೀಳುತ್ತದೆ. ಬಾಯಿಯ ಗೆರೆ 18ರಿಂದ 20 ಕುಣಿಕೆ ಅಗಲ, ಎರಡೂ ತುದಿ ಎರಡು ಸಾಲು ಕೆಳಗೆ. ಅದೇ ನೂಲನ್ನು ಒಳಗಿನಿಂದ ಸ್ವಲ್ಪ ಬಿಗಿದರೆ ಕೆಳದುಟಿ ಮುಂದೆ ಬರುತ್ತದೆ.

ಕಿಟ್‌ನವರು ಬಿಟ್ಟದ್ದು ಒಂದು ಚಿಕ್ಕ ಸಂಗತಿ. ಆ ಪ್ರಸಿದ್ಧ ಫೋಟೊದಲ್ಲಿ ಮಿಸ್ಟರ್ ಬ್ಲಾಬಿಯ ಬಾಯಿಯ ಹತ್ತಿರ ಹಳದಿ ತುಣುಕೊಂದು ಅಂಟಿಕೊಂಡಿರುತ್ತದೆ. ಎಂಜಲಲ್ಲ, ಕೋಪಿಪಾಡ್ ಎಂಬ ಪರಾವಲಂಬಿ ಜೀವಿ. ಹಳದಿ ನೂಲಿನ ಎರಡು ಗಂಟುಹೊಲಿಗೆ ಹಾಕಿದರೆ ಆಯಿತು. ಗೊತ್ತಿದ್ದವರು ಮೊದಲು ನೋಡುವುದು ಅದನ್ನೇ.

ಅಕ್ರಿಲಿಕ್ ಕೊಟ್ಟದ್ದು ಈ ಊರಿಗೆ ಒಳ್ಳೆಯದೇ ಆಯಿತು. ಹತ್ತಿನೂಲು ಕೈಗೆ ಹಿತ, ಆದರೆ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ತೊಳೆಯುವುದು ತಣ್ಣೀರಿನಲ್ಲಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಬಾಲ ಕಟ್ಟಿ ನೇತುಹಾಕಿದರೆ ಹತ್ತಿಯೆಲ್ಲ ತಲೆಗೆ ಇಳಿದು ಮುದ್ದೆಯಾಗುತ್ತದೆ, ಗೆರಸೆಯ ಮೇಲೆ ಮಲಗಿಸಿ ಫ್ಯಾನಿನ ಕೆಳಗಿಡಿ. ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ, ಅಕ್ರಿಲಿಕ್ ಕರಗುತ್ತದೆ.

ಹೆಣೆಯಲು ಬರುವವರಿಗೆ ಈ ಬೆಲೆ ಜಾಸ್ತಿ. ಮಂಗಳೂರಿನ ಹಂಪನಕಟ್ಟೆ, ರಥಬೀದಿ ಕಡೆಯ ಫ್ಯಾನ್ಸಿ ಅಂಗಡಿಗಳಲ್ಲಿ ಉಲ್ಲನ್, ಕಡ್ಡಿ ಬಿಡಿಯಾಗಿ ಕಡಿಮೆಗೆ ಸಿಗುತ್ತದೆ, ಮೇಲಿನ ಲೆಕ್ಕವೇ ಸಾಕು. ಹೊಸದಾಗಿ ಕಲಿಯುವವರಿಗೆ, ಎಲ್ಲ ಒಂದೇ ಕಡೆ ಸಿಗಬೇಕೆನ್ನುವವರಿಗೆ ತೆಗೆದುಕೊಳ್ಳಬಹುದು. 7ನೇ ಹಂತದ ಆ ಎರಡು ಶಬ್ದಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ ಶುರುಮಾಡಿ.